ಹೆಸರಿನ ಬೆನ್ನು ಬಿಡಿ, ಜಮೀನಿನ ಬೆನ್ನು ಹತ್ತಿ

(ನಮ್ಮೂರಿನ ಕನ್ನಡದವರು ತಿಂಗಳಿಗೊಮ್ಮೆ ಸೇರುವ ಕಡೆ ಆಡಿದ ಮಾತು ಇದು. ಅಲ್ಲಿ ಹೊತ್ತಾಯಿತು ಅಂತ ಬಿಟ್ಟ ಒಂದೆರಡು ವಿಷಯವನ್ನೂ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಊರಲ್ಲಿದ್ದಾಗ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದವಳು. ಕ್ರಯಪತ್ರ, ಭಾಗಪತ್ರ, ಉಯಿಲು, ಇವುಗಳ ನಡುವೆಯೇ ಮೂವತ್ತು ವರ್ಷ ಕಳೆದೆ. ರಿಟೈರ್ ಆದ ಮೇಲೆ ಮಗಳ ಮನೆಗೆ ಅಂತ ಅಮೆರಿಕಕ್ಕೆ ಬಂದೆ. ಅಳಿಯ ಇಲ್ಲಿಯವನೇ. ಅವನ ತಾಯಿ, ಅಂದರೆ ನಮ್ಮ ಬೀಗಿತ್ತಿ, ಹುಟ್ಟಿ ಬೆಳೆದದ್ದು ಕೆಂಟಕಿಯಲ್ಲಿ. ಅವರ ಹತ್ತಿರ ಒಂದು ತಗಡಿನ ಡಬ್ಬಿ ಇದೆ, ಅದರ ತುಂಬ ಹಳೇ ಕಾಗದ. ತಮ್ಮ ಮನೆತನದ ಹೆಸರು ಎಲ್ಲಿಂದ ಬಂತು, ಈ ನೆಲಕ್ಕೆ ಮೊದಲು ಹಡಗಿನಿಂದ ಇಳಿದವರು ಯಾರು ಅಂತ ಅವರು ಹತ್ತು ವರ್ಷದಿಂದ ಹುಡುಕುತ್ತಿದ್ದಾರೆ.

ಒಂದು ದಿನ "ಕೌಂಟಿ ಕೋರ್ಟ್‌ಹೌಸಿಗೆ ಹೋಗುತ್ತಿದ್ದೇನೆ, ನೀವೂ ಬರುತ್ತೀರಾ?" ಅಂದರು. ಹೋದೆ. ಅಲ್ಲಿ ಕಪಾಟಿನಿಂದ ಒಂದು ದಪ್ಪ ಪುಸ್ತಕ ಎಳೆದು ಮೇಜಿನ ಮೇಲಿಟ್ಟರು. ನಿಧಾನಕ್ಕೆ ಒಂದು ಪುಟ ಓದಿದೆ. ಕೊಟ್ಟವರು ಇಂಥವರು, ಕೊಂಡವರು ಇಂಥವರು, ಇಂಥ ಹಳ್ಳದ ದಂಡೆಯಿಂದ ಶುರುವಾಗಿ ಇಂಥವರ ಜಮೀನಿನ ಮೂಲೆಯ ಓಕ್ ಮರದವರೆಗೆ, ಅಲ್ಲಿಂದ ಉತ್ತರಕ್ಕೆ ಇಷ್ಟು, ಸಾಕ್ಷಿ ಇಂಥವರು. ನನಗೆ ಮೈ ಜುಮ್ಮೆಂದಿತು. ಇನ್ನೂರು ವರ್ಷ ಹಿಂದಿನದು, ಬೇರೆ ದೇಶದ್ದು, ಆದರೂ ಇದು ನಾನು ದಿನಾ ಓದುತ್ತಿದ್ದ ಚೆಕ್ಕುಬಂದಿಯೇ ಅಲ್ವಾ!

ಬೀಗಿತ್ತಿ ಅಲ್ಲಿಯವರೆಗೆ ಏನು ಮಾಡುತ್ತಿದ್ದರು ಅಂದರೆ, ತಮ್ಮ ಮನೆತನದ ಹೆಸರನ್ನು ಕಂಪ್ಯೂಟರಿನಲ್ಲಿ ಹಾಕುವುದು, ಆ ಹೆಸರಿನವರು ಎಲ್ಲೆಲ್ಲಿ ಸಿಗುತ್ತಾರೋ ಅವರನ್ನೆಲ್ಲ ಒಂದು ವಂಶವೃಕ್ಷಕ್ಕೆ ಪೋಣಿಸುವುದು. ಸುಮಾರು ಜನ ಹೀಗೇ ಮಾಡುತ್ತಾರೆ. ನಮ್ಮ ಆಫೀಸಿಗೆ ಯಾರಾದರೂ ಬಂದು "ನಂಜಪ್ಪನವರ ಪತ್ರ ಬೇಕು" ಅಂದರೆ ನಾವು ಏನು ಕೇಳುತ್ತಿದ್ದೆವು? ಯಾವ ಗ್ರಾಮ, ಯಾವ ಸರ್ವೆ ನಂಬರ್, ಅಕ್ಕಪಕ್ಕ ಯಾರ ಜಮೀನು? ನಂಜಪ್ಪಂದಿರು ನೂರು ಜನ ಇರುತ್ತಾರೆ. ಆ ಹಳ್ಳದ ಪಕ್ಕದ, ಆ ಮೂಲೆಯ ಜಮೀನು ಒಂದೇ. ಇದನ್ನೇ ಬೀಗಿತ್ತಿಗೆ ಹೇಳಿದೆ. ಇವತ್ತು ನಿಮಗೂ ಹೇಳಲು ಬಂದಿರುವುದು ಇದನ್ನೇ.

ಅವರ ಮನೆಯ ಹೆಸರು ಇಲ್ಲಿ ಬೇಡ. ನಮಗೆಲ್ಲ ಗೊತ್ತಿರುವ ಒಂದು ಹೆಸರನ್ನೇ ತೆಗೆದುಕೊಳ್ಳೋಣ. ಲಿಂಕನ್.

ಅಬ್ರಹಾಂ ಲಿಂಕನ್‌ಗೆ ತನ್ನ ಮನೆತನದ ಬಗ್ಗೆ ಎಷ್ಟು ಗೊತ್ತಿತ್ತು? ತುಂಬ ಕಡಿಮೆ. 1848ರಲ್ಲಿ ಮ್ಯಾಸಚೂಸೆಟ್ಸ್‌ನ ಹಿಂಗಮ್ ಊರಿನ ಸಾಲೊಮನ್ ಲಿಂಕನ್ ಅನ್ನುವವರು, ನಿಮ್ಮ ಹಿರಿಯರು ಯಾರು ಅಂತ ಕಾಗದ ಬರೆದು ಕೇಳಿದ್ದರು. ಲಿಂಕನ್ ಉತ್ತರ ಬರೆದರು. ಅಪ್ಪ ಥಾಮಸ್, ತಾತ ಅಬ್ರಹಾಂ. ತಾತ ವರ್ಜೀನಿಯಾದ ರಾಕಿಂಗಮ್ ಕೌಂಟಿಯಿಂದ ಸುಮಾರು 1782ರಲ್ಲಿ ಕೆಂಟಕಿಗೆ ಬಂದರು, ಎರಡು ವರ್ಷಕ್ಕೆ ಇಂಡಿಯನ್ನರ (ಅಮೆರಿಕದ ಮೂಲನಿವಾಸಿಗಳ) ಕೈಯಲ್ಲಿ ಸತ್ತರು. ಮುತ್ತಾತ ಪೆನ್ಸಿಲ್ವೇನಿಯಾದಿಂದ ವರ್ಜೀನಿಯಾಕ್ಕೆ ಬಂದವರು ಅಂತ ಮನೆಯಲ್ಲಿ ಒಂದು ಅಸ್ಪಷ್ಟ ಮಾತಿದೆ, ಅದಕ್ಕಿಂತ ಹಿಂದಿನದು ಕೇಳಿಲ್ಲ, ಇಷ್ಟೇ. 1859ರಲ್ಲಿ ಗೆಳೆಯ ಜೆಸ್ಸಿ ಫೆಲ್ ಅವರಿಗೆ ಬರೆದುಕೊಟ್ಟ ಟಿಪ್ಪಣಿಯಲ್ಲಿ, ಹಿರಿಯರು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯಿಂದ ಬಂದವರು ಅಂತ ಕೌಂಟಿಯ ಹೆಸರನ್ನೂ ಹೇಳಿದ್ದಾರೆ. ನ್ಯೂ ಇಂಗ್ಲೆಂಡಿನ, ಅಂದರೆ ಮ್ಯಾಸಚೂಸೆಟ್ಸ್ ಕಡೆಯ, ಲಿಂಕನ್‌ಗಳಿಗೂ ತಮಗೂ ಸಂಬಂಧ ಹುಡುಕಲು ಹೋದಾಗ ಸಿಕ್ಕಿದ್ದು ಎರಡೂ ಮನೆತನದಲ್ಲಿ ಒಂದೇ ಥರದ ಹೆಸರುಗಳು ಮಾತ್ರ, ಈನಕ್, ಲೀವೈ, ಮಾರ್ಡೆಕೈ, ಸಾಲೊಮನ್, ಅಬ್ರಹಾಂ, ಅಂತಲೂ ಬರೆದಿದ್ದಾರೆ.

ನಮ್ಮಲ್ಲೂ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತೇವೆ. ಹಾಗಾಗಿ ಇದು ಒಳ್ಳೆಯ ಸುಳಿವು ಅಂತ ನಮಗೆ ಬೇಗ ಅರ್ಥವಾಗುತ್ತದೆ. ಆದರೆ ಸುಳಿವೇ ಸಾಕ್ಷಿ ಅಲ್ಲ. ಸಾಕ್ಷಿ ಕೌಂಟಿಗಳ ಕಪಾಟಿನಲ್ಲಿತ್ತು.

ಮೊದಲು ಕೌಂಟಿ ಅಂದರೇನು ಅಂತ ನೋಡೋಣ. ನಮ್ಮ ತಾಲ್ಲೂಕು ಆಫೀಸು, ಕೋರ್ಟು, ಸಬ್‌ರಿಜಿಸ್ಟ್ರಾರ್ ಆಫೀಸು ಎಲ್ಲ ಒಂದೇ ಕಟ್ಟಡದಲ್ಲಿ ಇದ್ದ ಹಾಗೆ ಅಂದುಕೊಳ್ಳಿ. ಮದುವೆ ಮುಚ್ಚಳಿಕೆ (ಮದುವೆಗೆ ಅಡ್ಡಿಯಿಲ್ಲ ಅಂತ ಬರೆದುಕೊಡುವ ಪತ್ರ), ಉಯಿಲು, ಕ್ರಯ, ತೆರಿಗೆ ಪಟ್ಟಿ, ಸಾಲದ ಜಗಳ, ಅನಾಥ ಮಕ್ಕಳಿಗೆ ಪೋಷಕರನ್ನು ನೇಮಿಸುವುದು, ಎಲ್ಲ ಅಲ್ಲೇ. ಮ್ಯಾಸಚೂಸೆಟ್ಸ್ ಕಡೆ ಹುಟ್ಟು ಸಾವು ಬರೆಯುವುದು ಟೌನ್‌ನವರ ಕೆಲಸ. ವರ್ಜೀನಿಯಾ, ಕೆಂಟಕಿ ಕಡೆ ಕೌಂಟಿಯೇ ಎಲ್ಲ. ಜನ ಪಶ್ಚಿಮಕ್ಕೆ ಹೋದ ಹಾಗೆಲ್ಲ ದೊಡ್ಡ ಕೌಂಟಿ ಒಡೆದು ಚಿಕ್ಕವು ಆಗುತ್ತಾ ಹೋದವು. ಮಾಗಡಿ ನೋಡಿ. 1986ರ ತನಕ ಬೆಂಗಳೂರು ಜಿಲ್ಲೆ, ಆಮೇಲೆ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ ಜಿಲ್ಲೆ. ಊರು ಇದ್ದಲ್ಲೇ ಇದೆ, ಕಾಗದ ಮಾತ್ರ ಬೇರೆ ಬೇರೆ ಕಡೆ. ಲಿಂಕನ್ 1809ರಲ್ಲಿ ಹುಟ್ಟಿದ ಜಾಗ ಆಗ ಹಾರ್ಡಿನ್ ಕೌಂಟಿ. ಈಗ ಲರೂ ಕೌಂಟಿ, ಅದು ಹುಟ್ಟಿದ್ದೇ 1843ರಲ್ಲಿ. 1816ರಲ್ಲಿ ಅವರ ಮನೆಯವರು ಇಂಡಿಯಾನಾಗೆ ಹೋಗಿ ಪೆರಿ ಕೌಂಟಿಯಲ್ಲಿ ಗುಡಿಸಲು ಕಟ್ಟಿದರು. ಎರಡೇ ವರ್ಷಕ್ಕೆ ಅದೇ ಗುಡಿಸಲು ಸ್ಪೆನ್ಸರ್ ಕೌಂಟಿಗೆ ಸೇರಿತು. ಹಾಗಾಗಿ ಹುಡುಕುವ ಮೊದಲು, ಆ ವರ್ಷ ಆ ಜಾಗ ಯಾವ ಕೌಂಟಿಯಲ್ಲಿತ್ತು ಅಂತ ತಿಳಿದುಕೊಳ್ಳಬೇಕು. ಈಗಿನ ನಕ್ಷೆ ಇಟ್ಟುಕೊಂಡು ಹೊರಟರೆ ಬರಿಗೈಯಲ್ಲಿ ವಾಪಸ್ ಬರುತ್ತೀರಿ.

ಲಿಂಕನ್‌ನ ಅಪ್ಪ ಅಮ್ಮನ ಮದುವೆ ದಾಖಲೆಯ ಕಥೆಯೂ ಇದೇ. ಅವರು ಸಂಸಾರ ಮಾಡಿದ್ದು ಹಾರ್ಡಿನ್ ಕೌಂಟಿಯಲ್ಲಿ, ಹಾಗಾಗಿ ಜನ ಹುಡುಕಿದ್ದೂ ಅಲ್ಲೇ. ಸಿಗಲಿಲ್ಲ. ಅಲ್ಲಿ ವರ್ಷಗಟ್ಟಲೆ ಕ್ಲರ್ಕ್ ಆಗಿದ್ದ ಸ್ಯಾಮ್ಯುಯೆಲ್ ಹೇಕ್ರಾಫ್ಟ್ ಅವರೇ, ಥಾಮಸ್ 1819ರಲ್ಲಿ ಮಾಡಿಕೊಂಡ ಎರಡನೇ ಹೆಂಡತಿ ಸಾರಾ ಅವರನ್ನು ಲಿಂಕನ್‌ನ ತಾಯಿ ಅಂದುಕೊಂಡಿದ್ದರು. 1860ರಲ್ಲಿ ಲಿಂಕನ್ ಕಾಗದ ಬರೆದು ತಿದ್ದಬೇಕಾಯಿತು, ನನ್ನ ತಾಯಿ ನ್ಯಾನ್ಸಿ ಹ್ಯಾಂಕ್ಸ್ ಅಂತ. ಮದುವೆಯ ದಾಖಲೆ ಇಲ್ಲ ಅಂದಮೇಲೆ ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವವರು ಯಾರು? ಆ ತಾಯಿಯ ಬಗ್ಗೆ ಇಲ್ಲದ ಮಾತೆಲ್ಲ ಹುಟ್ಟಿತು. ಕೊನೆಗೆ ಕಾಗದ ಸಿಕ್ಕಿತು, ಪಕ್ಕದ ವಾಷಿಂಗ್ಟನ್ ಕೌಂಟಿಯಲ್ಲಿ. 1806ರ ಜೂನ್ 10ರ ಮುಚ್ಚಳಿಕೆ, ಜೂನ್ 12ರಂದು ಮದುವೆ ಮಾಡಿಸಿದೆ ಅಂತ ಪಾದ್ರಿ ಜೆಸ್ಸಿ ಹೆಡ್ ಕೊಟ್ಟ ವರದಿ. ಹುಡುಗಿಯ ಕಡೆಯವರು ಇದ್ದ ಊರಲ್ಲಿ ಮದುವೆ ಆಗಿತ್ತು, ಅಷ್ಟೇ. ನಮ್ಮಲ್ಲೂ ಮದುವೆ ಹೆಣ್ಣಿನ ಮನೆಯಲ್ಲಿ ತಾನೇ? ಆದರೆ ಅದು ಸಿಗುವ ಹೊತ್ತಿಗೆ ಲಿಂಕನ್ ಬದುಕಿರಲಿಲ್ಲ. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಈಗ ತಾತ ಅಬ್ರಹಾಂ. ಇವರು 1780ರಲ್ಲಿ ವರ್ಜೀನಿಯಾ ಸರ್ಕಾರದಿಂದ 400 ಎಕರೆಗೆ ವಾರಂಟ್, ಅಂದರೆ ಅಷ್ಟು ಭೂಮಿ ಅಳೆಸಿಕೊಳ್ಳುವ ಹಕ್ಕುಪತ್ರ, ಕೊಂಡರು. ಕೆಂಟಕಿ ಆಗ ವರ್ಜೀನಿಯಾದ ಭಾಗ. 1785ರ ಮೇ 7ರಂದು ಜೆಫರ್ಸನ್ ಕೌಂಟಿಯ ಲಾಂಗ್ ರನ್ ಅನ್ನುವ ಹಳ್ಳದ ಮೇಲೆ ಸರ್ವೆ ಆಯಿತು. ಸರ್ವೆ ಪುಸ್ತಕದಲ್ಲಿ ಲಿಂಕನ್ ಅಂತ ಹುಡುಕಿದರೆ ಅವರು ಕಾಣುವುದಿಲ್ಲ. ಅಲ್ಲಿ ಬರೆದಿರುವುದು "ಅಬ್ರಹಾಂ ಲಿಂಕ್‌ಹಾರ್ನ್" ಅಂತ. ಬರೆಯುವವರು ಕಿವಿಗೆ ಬಿದ್ದ ಹಾಗೆ ಬರೆಯುತ್ತಿದ್ದರು, ಹೆಸರು ಹೇಳುವವರಿಗೆ ಎಷ್ಟೋ ಸಲ ಓದಲು ಬರುತ್ತಿರಲಿಲ್ಲ. ಇನ್ನೊಂದು ವಿಷಯ. ಕ್ರಯಪತ್ರದ ಪುಸ್ತಕದಲ್ಲಿ ಇರುವುದು ಕ್ಲರ್ಕ್ ಮಾಡಿಕೊಂಡ ನಕಲು. ಮೂಲ ಪತ್ರವನ್ನು ಮಾಲೀಕರು ಮನೆಗೆ ಒಯ್ಯುತ್ತಿದ್ದರು. ಹಾಗಾಗಿ ಅಲ್ಲಿ ಕಾಣುವ ಸಹಿಯೂ ಕ್ಲರ್ಕಿನ ಕೈಬರಹವೇ. "ನಮ್ಮವರು ಹೀಗೇ ಸ್ಪೆಲ್ಲಿಂಗ್ ಬರೆಯುತ್ತಿದ್ದರು, ಬೇರೆ ಥರ ಬರೆದವರು ನಮ್ಮವರಲ್ಲ" ಅನ್ನುವ ಮಾತಿಗೆ ಯಾವ ಆಧಾರವೂ ಇಲ್ಲ. ಬೀಗಿತ್ತಿ ಈ ಒಂದು ನಂಬಿಕೆಯಿಂದ ನಾಲ್ಕು ವರ್ಷ ಕಳೆದುಕೊಂಡಿದ್ದರು.

ಆ ಸರ್ವೆಯ ಕೊನೆಯ ಸಾಲುಗಳನ್ನು ಓದಿ. ಅಳತೆಗೆ ಸರಪಳಿ ಹಿಡಿದವರು ಹನನಾಯ ಮತ್ತು ಜೋಸಾಯ, ಇಬ್ಬರೂ ಅದೇ ಮನೆತನದ ಹೆಸರಿನವರು. ಮರಗಳಿಗೆ ಗುರುತು ಹಾಕಿದವರು ಸ್ವತಃ ಅಬ್ರಹಾಂ. ಸರ್ವೆಗೆ ಸರಪಳಿ ಹಿಡಿಯಲು ಮನೆಯವರನ್ನೋ ನೆರೆಯವರನ್ನೋ ಕರೆದುಕೊಂಡು ಹೋಗುತ್ತಿದ್ದರು. ಹಾಗಾಗಿ ಒಂದೇ ಕಾಗದದಲ್ಲಿ ಬಳಗದ ಮೂವರು ಸಿಕ್ಕರು. ಇನ್ನೂ ಒಂದಿದೆ. ತಾತ 1784ರ ಹೊತ್ತಿಗೆ ಸತ್ತರು ಅಂತ ಮನೆಯವರ ನೆನಪು, ಮೊಮ್ಮಗ ಬರೆದಿದ್ದೂ ಅದೇ. ಆದರೆ 1785ರ ಮೇ ತಿಂಗಳಲ್ಲಿ ಆ ಮನುಷ್ಯ ಮರಕ್ಕೆ ಕೊಡಲಿ ಗುರುತು ಹಾಕುತ್ತಾ ನಿಂತಿದ್ದಾರೆ! ಸತ್ತದ್ದು 1786ರಲ್ಲಿ. ಮನೆಯ ಮಾತು ಸುಳ್ಳಲ್ಲ, ವರ್ಷ ಮಾತ್ರ ತಪ್ಪು. ಸಾಮಾನ್ಯವಾಗಿ ಹೀಗೇ ಆಗುತ್ತದೆ.

ಆ ಸರಪಳಿಯ ಬಗ್ಗೆ ಒಂದು ಮಾತು. ಅದು ಗುಂಟರ್ ಸರಪಳಿ, 66 ಅಡಿ ಉದ್ದ, ಇಂಗ್ಲೆಂಡಿನಲ್ಲಿ 1620ರಲ್ಲಿ ಬಂದದ್ದು. ಅದರ ಅರ್ಧ, ಅಂದರೆ 33 ಅಡಿ ಉದ್ದ 33 ಅಡಿ ಅಗಲದ ಚೌಕ, ನಮ್ಮ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. ಕೆಂಟಕಿಯ ಕಾಡನ್ನೂ ನಮ್ಮ ಹೊಲಗಳನ್ನೂ ಒಂದೇ ಲೆಕ್ಕದಲ್ಲಿ ಅಳೆದಿದ್ದಾರೆ. ಇದನ್ನು ಹೇಳಿದಾಗ ಬೀಗಿತ್ತಿ ಪೆನ್ಸಿಲ್ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

ಆದರೆ ಕೆಂಟಕಿಯಲ್ಲಿ ಬಾಂದುಕಲ್ಲು ಇರಲಿಲ್ಲ. ಮರ, ಬಂಡೆ, ಹಳ್ಳ, ಇವೇ ಗುರುತು. ಮರ ಬಿತ್ತು, ಹಳ್ಳ ದಾರಿ ಬದಲಿಸಿತು, ಒಬ್ಬರ ಸರ್ವೆ ಮೇಲೆ ಇನ್ನೊಬ್ಬರ ಸರ್ವೆ ಬಿತ್ತು. ಲಿಂಕನ್‌ನ ಅಪ್ಪ ಥಾಮಸ್ ಕೆಂಟಕಿಯಲ್ಲಿ ಮೂರು ಜಮೀನು ಹಿಡಿದರು, ಮೂರರಲ್ಲೂ ಹಕ್ಕಿನ ತಕರಾರು. ಕೆಂಟಕಿ ಬಿಟ್ಟದ್ದಕ್ಕೆ ಗುಲಾಮಗಿರಿಯೂ ಒಂದು ಕಾರಣ, ಆದರೆ ಮುಖ್ಯ ಕಾರಣ ಜಮೀನಿನ ಹಕ್ಕಿನ ತೊಂದರೆ ಅಂತ ಲಿಂಕನ್ನೇ ಬರೆದಿದ್ದಾರೆ. ಇಂಡಿಯಾನಾದಲ್ಲಿ ಸರ್ಕಾರ ಮೊದಲೇ ಚೌಕ ಚೌಕವಾಗಿ ಅಳೆದು ಮಾರುತ್ತಿತ್ತು. ಹಾಗಾಗಿ ಅಲ್ಲಿಗೆ ಹೋದರು. ನಿಮ್ಮ ಹುಡುಕಾಟದಲ್ಲಿ ಯಾರಾದರೂ ಇದ್ದಕ್ಕಿದ್ದ ಹಾಗೆ ಊರು ಬಿಟ್ಟರೆ, ಮೊದಲು ಕೋರ್ಟಿನ ವ್ಯಾಜ್ಯದ ಪುಸ್ತಕ ನೋಡಿ.

ಥಾಮಸ್ ಬಡವರಾದದ್ದು ಹೇಗೆ? ತಾತನಿಗೆ ಸಾವಿರಾರು ಎಕರೆ ಇತ್ತು. ವರ್ಜೀನಿಯಾದ ಹಳೇ ಕಾನೂನಿನ ಪ್ರಕಾರ ಉಯಿಲು ಬರೆಯದೆ ಸತ್ತರೆ ಭೂಮಿಯೆಲ್ಲ ಹಿರಿಯ ಮಗನಿಗೆ. ಈ ಕಾನೂನನ್ನು ತೆಗೆದುಹಾಕಿ, ಮಕ್ಕಳಿಗೆಲ್ಲ ಸಮಪಾಲು ಅನ್ನುವ ಹೊಸ ಕಾನೂನು ಜಾರಿಗೆ ಬಂದದ್ದು 1787ರ ಜನವರಿ 1ರಂದು. ತಾತ ಸತ್ತದ್ದು 1786ರಲ್ಲಿ. ಕೆಲವೇ ತಿಂಗಳು! ಎಲ್ಲ ಹಿರಿಯ ಮಗ ಮಾರ್ಡೆಕೈಗೆ ಹೋಯಿತು. ಎಂಟು ವರ್ಷದ ಥಾಮಸ್‌ಗೆ ಏನೂ ಸಿಗಲಿಲ್ಲ. ಕೂಲಿ ಮಾಡುತ್ತಾ, ಓದು ಬರಹ ಇಲ್ಲದೆ ಬೆಳೆದರು. ಭಾಗಪತ್ರ ಬರೆಸಲು ಬರುತ್ತಿದ್ದ ಅಣ್ಣತಮ್ಮಂದಿರನ್ನು ಮೂವತ್ತು ವರ್ಷ ನೋಡಿದವಳಿಗೆ, ಕಾನೂನಿನ ಒಂದು ತಾರೀಖು ಮನೆಯನ್ನು ಏನು ಮಾಡುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ವರ್ಜೀನಿಯಾ. ರಾಕಿಂಗಮ್ ಕೌಂಟಿಯ ಪುಸ್ತಕಗಳನ್ನು 1864ರಲ್ಲಿ, ಅಂತರ್ಯುದ್ಧದ ಹೊತ್ತಿಗೆ, ಗಾಡಿಗೆ ಹೇರಿ ಸಾಗಿಸುತ್ತಿದ್ದಾಗ ಸೈನಿಕರು ಬೆಂಕಿ ಇಟ್ಟರು. ಉಳಿದ ಪುಟಗಳ ಅಂಚು ಸುಟ್ಟಿದೆ. ಇಂಥ ಕಡೆ ಏನು ಮಾಡಬೇಕು? ತಾಯಿ ಕೌಂಟಿಗೆ ಹೋಗಬೇಕು. ರಾಕಿಂಗಮ್ ಆದದ್ದು 1778ರಲ್ಲಿ, ಆಗಸ್ಟಾ ಕೌಂಟಿಯನ್ನು ಒಡೆದು. ಮುತ್ತಾತ ಜಾನ್ ಲಿಂಕನ್ 1768ರಲ್ಲಿ ಲಿನ್ವಿಲ್ ಕ್ರೀಕ್ ದಂಡೆಯಲ್ಲಿ 600 ಎಕರೆ ಕೊಂಡಾಗ, 1773ರಲ್ಲಿ ಅದರಲ್ಲಿ 210 ಎಕರೆ ಮಗ ಅಬ್ರಹಾಂಗೆ ಬರೆದುಕೊಟ್ಟಾಗ, ಅದಿನ್ನೂ ಆಗಸ್ಟಾ. ಆ ಪುಸ್ತಕಗಳಿಗೆ ಬೆಂಕಿ ತಾಗಲಿಲ್ಲ.

ಇನ್ನೊಂದು. ಗಂಡ ಜಮೀನು ಮಾರಿದರೆ ಅದರಲ್ಲಿ ಹೆಂಡತಿಗೆ ಇರುವ ಜೀವನಾಂಶದ ಹಕ್ಕು ಬಿಡಿಸಿಕೊಳ್ಳಬೇಕಿತ್ತು. ಅವಳನ್ನು ಬೇರೆಯಾಗಿ ಕರೆದು, ನಿನ್ನ ಇಷ್ಟದಿಂದ ಒಪ್ಪಿದ್ದೀಯಾ ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ಬೇರೆಲ್ಲೂ ಹೆಸರಿಲ್ಲದ ಹೆಂಗಸು ಇಲ್ಲಿ ಹೆಸರಿನ ಸಮೇತ ಸಿಗುತ್ತಾಳೆ. ಹೆಂಡತಿಯ ಹೆಸರು ಸಿಗಲಿಲ್ಲ ಅಂತ ಕೈಚೆಲ್ಲಿದವರು ದಯವಿಟ್ಟು ಮಾರಿದ ಪತ್ರಗಳನ್ನು ಕೊನೆಯ ಸಾಲಿನವರೆಗೆ ಓದಿ. ಕೊಂಡ ಪತ್ರದಲ್ಲಿ ಅವಳು ಇರುವುದಿಲ್ಲ, ಮಾರಿದ ಪತ್ರದಲ್ಲಿ ಇರುತ್ತಾಳೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ವರ್ಜೀನಿಯಾಕ್ಕೆ ಬಂದ ಈ ಜಾನ್ ಯಾರ ಮಗ? ಪೆನ್ಸಿಲ್ವೇನಿಯಾದಲ್ಲಿ 1736ರಲ್ಲಿ ತೀರಿಕೊಂಡ ಮಾರ್ಡೆಕೈ ಲಿಂಕನ್ ಅನ್ನುವವರ ಉಯಿಲು ಇದೆ. ಬರ್ಕ್ಸ್ ಕೌಂಟಿ ಆದದ್ದು 1752ರಲ್ಲಿ, ಹಾಗಾಗಿ ಬರ್ಕ್ಸ್‌ನಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಆ ಉಯಿಲಿನಲ್ಲಿ ಮನೆ ಹತ್ತಿರದ ಜಮೀನು ಉಳಿದ ಗಂಡುಮಕ್ಕಳಿಗೆ. ಹಿರಿಯ ಮಗ ಜಾನ್‌ಗೆ ದೂರದ ನ್ಯೂ ಜರ್ಸಿಯಲ್ಲಿದ್ದ 300 ಎಕರೆ. ಮಾರ್ಡೆಕೈ ಮೊದಲು ನ್ಯೂ ಜರ್ಸಿಯ ಮನ್‌ಮತ್ ಕೌಂಟಿಯಲ್ಲಿ ಇದ್ದವರು. 1748ರಲ್ಲಿ ಜಾನ್ ಆ 300 ಎಕರೆಯನ್ನು ಮಾರಿದರು. ಪತ್ರದಲ್ಲಿ ತಾನು ಮಾರ್ಡೆಕೈಯ ಮಗ, ಈಗ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಇರುವವನು ಅಂತ ಇದೆ. ಅಲ್ಲಿಗೆ ಎಲ್ಲ ಬೆಸೆಯಿತು. ಮ್ಯಾಸಚೂಸೆಟ್ಸ್‌ನಿಂದ ನ್ಯೂ ಜರ್ಸಿ, ಅಲ್ಲಿಂದ ಪೆನ್ಸಿಲ್ವೇನಿಯಾ, ವರ್ಜೀನಿಯಾ, ಕೆಂಟಕಿ. ಲಿಂಕನ್ ಕೇಳಿ ಕೇಳಿ ಸೋತ ಪ್ರಶ್ನೆಗೆ ಉತ್ತರ, ಅವರ ಮನೆಯವರು ಯಾರೂ ನೆನಪಿಟ್ಟುಕೊಳ್ಳದ ಒಂದು ರಾಜ್ಯದ ಜಮೀನು ಪತ್ರದಲ್ಲಿ ಕೂತಿತ್ತು. ಹೆಸರಿನ ಹಿಂದೆ ಹೋದವರಿಗೆ ಅದು ಸಿಗಲಿಲ್ಲ, 300 ಎಕರೆಯ ಹಿಂದೆ ಹೋದವರಿಗೆ ಸಿಕ್ಕಿತು.

ಅದಕ್ಕೂ ಹಿಂದಕ್ಕೆ ಹೋದರೆ ಈ ಮಾರ್ಡೆಕೈಯ ತಾತ ಸ್ಯಾಮ್ಯುಯೆಲ್ ಲಿಂಕನ್. ನೇಯ್ಗೆಯವರ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗ, 1637ರಲ್ಲಿ ಇಂಗ್ಲೆಂಡಿನ ನಾರ್ಫೋಕ್‌ನಿಂದ ಬಂದು ಹಿಂಗಮ್‌ನಲ್ಲಿ ನೆಲೆಸಿದ. ಅದೇ ಊರಲ್ಲಿ ಆಗ ನಾಲ್ಕು ಜನ ಥಾಮಸ್ ಲಿಂಕನ್ ಇದ್ದರು. ನೇಯುವ ಥಾಮಸ್, ಗಿರಣಿ ಥಾಮಸ್, ಪೀಪಾಯಿ ಮಾಡುವ ಥಾಮಸ್, ಬೇಸಾಯದ ಥಾಮಸ್. ಬರೆಯುವವರೇ ಕಸುಬು ಸೇರಿಸಿ ಬರೆದರು, ಇಲ್ಲದಿದ್ದರೆ ಯಾರು ಯಾರೆಂದು ಬಿಡಿಸಲು ಆಗುತ್ತಿರಲಿಲ್ಲ.

ಹಳೇ ಕಾಗದ ಓದುವವರು ಮೋಸ ಹೋಗುವ ಜಾಗ ಇನ್ನೂ ಒಂದೆರಡಿವೆ, ಬೇಗ ಹೇಳುತ್ತೇನೆ. ಸೀನಿಯರ್, ಜೂನಿಯರ್ ಅಂದರೆ ಅಪ್ಪ ಮಗ ಅಂತಲೇ ಅರ್ಥ ಅಲ್ಲ, ಊರಲ್ಲಿ ಒಂದೇ ಹೆಸರಿನ ದೊಡ್ಡವನು ಚಿಕ್ಕವನು ಅಷ್ಟೇ. ದೊಡ್ಡವನು ಸತ್ತರೆ ಜೂನಿಯರ್ ಸೀನಿಯರ್ ಆಗುತ್ತಾನೆ. ಕಸಿನ್ ಅಂತ ಬರೆದಿದ್ದರೆ ಅಣ್ಣನ ಮಗನೂ ಇರಬಹುದು. 1752ರ ತನಕ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಜನವರಿ, ಫೆಬ್ರವರಿಯ ತಾರೀಖಿಗೆ ಎರಡು ವರ್ಷ ಬರೆದಿರುತ್ತಾರೆ. ವರ್ಜೀನಿಯಾದ 1790ರ ಜನಗಣತಿ ಹಾಳೆಗಳು ಉಳಿದಿಲ್ಲ, ಅಲ್ಲಿ ವರ್ಷ ವರ್ಷದ ತೆರಿಗೆ ಪಟ್ಟಿಯೇ ಗತಿ.

ಈಗ ಒಂದು ಭಾರದ ವಿಷಯ. ಇಷ್ಟೆಲ್ಲ ಮಾತು ಮನೆತನದ ಹೆಸರು ಇದ್ದವರದ್ದು. 1635ರಲ್ಲಿ ವರ್ಜೀನಿಯಾದಲ್ಲಿ ಜಾರ್ಜ್ ಮೆನಿಫೀ ಅನ್ನುವ ವ್ಯಾಪಾರಿಗೆ ಭೂಮಿ ಸಿಕ್ಕಿತು. ಆಗಿನ ನಿಯಮ ಏನೆಂದರೆ, ಒಬ್ಬರನ್ನು ಹಡಗಿನ ಖರ್ಚು ಕೊಟ್ಟು ಕರೆತಂದರೆ ತಲೆಗೆ 50 ಎಕರೆ. ಮೆನಿಫೀ ಕರೆತಂದವರ ಪಟ್ಟಿಯಲ್ಲಿ ಒಂದು ಹೆಸರು, "ಟೋನಿ, ಈಸ್ಟ್ ಇಂಡಿಯನ್". ನಮ್ಮ ಕಡೆಯ ಮನುಷ್ಯ! ಅಪ್ಪ ಅಮ್ಮ ಕರೆದ ಹೆಸರು ಅದಾಗಿರಲಿಕ್ಕಿಲ್ಲ. ಊರಿಲ್ಲ, ಮನೆತನ ಇಲ್ಲ. ಬೇರೆಯವನಿಗೆ 50 ಎಕರೆ ಸಿಗಬೇಕಿತ್ತು, ಅದಕ್ಕೇ ಆ ಒಂದು ಸಾಲು ಉಳಿದಿದೆ.

ಗುಲಾಮರಾಗಿ ಬಂದ ಆಫ್ರಿಕಾದವರದ್ದು ಇನ್ನೂ ಕಷ್ಟ. 1850, 1860ರ ಗಣತಿಯ ಗುಲಾಮರ ಪಟ್ಟಿಗಳಲ್ಲಿ ವಯಸ್ಸು, ಗಂಡೋ ಹೆಣ್ಣೋ, ಬಣ್ಣ, ಇಷ್ಟೇ, ಹೆಸರಿಲ್ಲ. ಎಲ್ಲರ ಹೆಸರೂ ಬಂದದ್ದು 1870ರಲ್ಲಿ. ಅದಕ್ಕೂ ಹಿಂದೆ ಅವರು ಹೆಸರಿನಿಂದ ಸಿಗುವುದು ಹೆಚ್ಚಾಗಿ ಮಾಲೀಕ ಸತ್ತಾಗ ಮಾಡಿದ ಆಸ್ತಿ ಪಟ್ಟಿಯಲ್ಲಿ, ಹಸು, ಹಂಡೆ, ನೇಗಿಲುಗಳ ನಡುವೆ, ಎದುರಿಗೆ ಬೆಲೆ ಬರೆದು. ಬೀಗಿತ್ತಿಯ ಹಿರಿಯರೊಬ್ಬರ ಪಟ್ಟಿಯಲ್ಲೂ ಹಾಗೆ ಐದು ಹೆಸರು ಸಿಕ್ಕವು. ಅವರು ಆ ದಿನ ಮುಂದೆ ಓದಲಿಲ್ಲ. ಕಾರಿನಲ್ಲಿ ಬರುವಾಗಲೂ ಮಾತಿಲ್ಲ. ಆಮೇಲೆ ಬೇರೆ ಒಂದು ನೋಟ್‌ಬುಕ್ ಮಾಡಿದರು. ಅಂಥ ಹೆಸರು ಎಲ್ಲಿ ಕಂಡರೂ ಪುಸ್ತಕ, ಪುಟ, ವರ್ಷ ಸಮೇತ ಅದರಲ್ಲಿ ಬರೆಯುತ್ತಾರೆ, ಆ ಐವರ ಮೊಮ್ಮಕ್ಕಳ ಮೊಮ್ಮಕ್ಕಳು ಯಾರಾದರೂ ಕೇಳಿದರೆ ಕೊಡಬೇಕು ಅಂತ. ಕೌಂಟಿಯ ಲೈಬ್ರರಿಗೂ ಒಂದು ಪ್ರತಿ ಕೊಟ್ಟಿದ್ದಾರೆ. ನಿಮ್ಮ ಸೊಸೆಯ ಕಡೆಯೋ ಅಳಿಯನ ಕಡೆಯೋ ಇಂಥ ಪಟ್ಟಿ ಸಿಕ್ಕರೆ, ನಾಚಿಕೆಯಾಗುತ್ತದೆ ಅಂತ ಪುಟ ಮಗುಚಬೇಡಿ. ಆ ಜನರಿಗೆ ಬೇರೆ ಕಾಗದವೇ ಇಲ್ಲ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು, ಎಲ್ಲಿಂದ ಶುರು ಮಾಡಬೇಕು ಅಂತ. ಫ್ಯಾಮಿಲಿಸರ್ಚ್ ವೆಬ್‌ಸೈಟಿನಲ್ಲಿ ಎಷ್ಟೋ ಕೌಂಟಿಗಳ ಪುಸ್ತಕಗಳ ಚಿತ್ರಗಳು ದುಡ್ಡಿಲ್ಲದೆ ಸಿಗುತ್ತವೆ. ಮನೆಯಲ್ಲೇ ಕೂತು ಕೊಟ್ಟವರ ಸೂಚಿ, ಕೊಂಡವರ ಸೂಚಿ ಎರಡನ್ನೂ ನೋಡಿ. ನಿಮ್ಮವರ ಹೆಸರಿನ ಜೊತೆ ಸಾಕ್ಷಿಗಳ ಹೆಸರು, ಅಕ್ಕಪಕ್ಕದ ಜಮೀನಿನವರ ಹೆಸರು, ಹಳ್ಳದ ಹೆಸರು ಎಲ್ಲ ಬರೆದುಕೊಳ್ಳಿ.

ನಮ್ಮ ಬೀಗಿತ್ತಿಯ ಹುಡುಕಾಟ ಈಗ ಒಂದು ಹಳ್ಳದ ಹತ್ತಿರ ನಿಂತಿದೆ. ಅದರ ದಂಡೆಯಲ್ಲಿ ಒಂದೇ ಹೆಸರಿನ ಇಬ್ಬರು. ಒಬ್ಬನ ಸರ್ವೆಗೆ ಸರಪಳಿ ಹಿಡಿದವನ ಮನೆತನದ ಹೆಸರು, ಇವರ ಮನೆಯಲ್ಲಿ ತಲೆತಲಾಂತರದಿಂದ ಗಂಡುಮಕ್ಕಳಿಗೆ ನಡುವಿನ ಹೆಸರಾಗಿ ಇಡುತ್ತಾ ಬಂದ ಹೆಸರು. ಅವನು ಹೆಂಡತಿಯ ಅಣ್ಣನೋ ತಮ್ಮನೋ ಇರಬೇಕು ಅಂತ ನನ್ನ ಲೆಕ್ಕ. ಆ ಕೌಂಟಿ ಒಡೆಯುವ ಮುಂಚಿನ ಪುಸ್ತಕಗಳು ಪಕ್ಕದ ಕೋರ್ಟ್‌ಹೌಸಿನಲ್ಲಿವೆ, ಒಂದೂವರೆ ಗಂಟೆ ದಾರಿ. ಬರುವ ಗುರುವಾರ ಇಬ್ಬರೂ ಹೋಗುತ್ತಿದ್ದೇವೆ, ಬುತ್ತಿ ಕಟ್ಟಿಕೊಂಡು.